ಮಂಡಳಿ ಕಚೇರಿ ಹತ್ತಿರವಿದ್ದರೆ ಮೋರಿ ನೀರು ತಿಳಿಯಾಗುತ್ತದೆಯೇ?

ಕಾರ್ಖಾನೆ ಮಾಲಿನ್ಯದ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ. ಅಧಿಕಾರಿಗಳು ಬೆಂಗಳೂರಲ್ಲಿ ಕೂತಿದ್ದಾರೆ, ದೂರದ ಜಿಲ್ಲೆಗಳಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ, ಅದಕ್ಕೇ ಅಲ್ಲಿನ ಫ್ಯಾಕ್ಟರಿಗಳು ಹೀಗಾಡುತ್ತವೆ ಅಂತ. ತಾಲೂಕಿಗೊಂದು ಕಚೇರಿ ತೆರೆದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಅದರ ಮುಂದಿನ ಸಾಲು. ಈ ವಾದದಲ್ಲಿ ಅರ್ಧ ನಿಜವಿದೆ. ಉಳಿದರ್ಧದ ಬಗ್ಗೆ ಇಲ್ಲಿ ಬರೆಯುತ್ತೇನೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಿತು. 100ಕ್ಕೆ 70 ದಾಟಿದರೆ ಅತಿ ಗಂಭೀರ, 60ರಿಂದ 70 ಇದ್ದರೆ ಗಂಭೀರ ಎಂಬ ಲೆಕ್ಕ. ಕರ್ನಾಟಕದ್ದು ಹೀಗಿತ್ತು: ಮಂಗಳೂರು 73.68, ಭದ್ರಾವತಿ 72.33, ರಾಯಚೂರು 68.07, ಬೀದರ್ 67.64, ಪೀಣ್ಯ 65.11. ರಾಜ್ಯ ಮಂಡಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿ. ಅಲ್ಲಿಂದ ಪೀಣ್ಯಕ್ಕೆ, ಟ್ರಾಫಿಕ್ ಕೆಟ್ಟಿದ್ದರೂ, ಒಂದು ಗಂಟೆಯ ದಾರಿ. ಬೀದರ್ ಸುಮಾರು 700 ಕಿಲೋಮೀಟರ್ ದೂರ. ಅಲ್ಲಿನವರಿಗೆ ಹೈದರಾಬಾದೇ ಹತ್ತಿರ. ಇಷ್ಟು ಅಂತರವಿದ್ದೂ ಅಂಕದಲ್ಲಿ ವ್ಯತ್ಯಾಸ ಎರಡೂವರೆ. ಈ ಅಂಕದಲ್ಲಿ ಸುತ್ತಲಿನ ಜನಸಂಖ್ಯೆ, ಆರೋಗ್ಯದ ಮೇಲಿನ ಪರಿಣಾಮ ಎಲ್ಲವೂ ಸೇರಿರುವುದರಿಂದ ಇದನ್ನೇ ಪುರಾವೆ ಮಾಡಿಕೊಂಡು ಕೂರಲಾಗದು. ಆದರೂ ಕಚೇರಿಯ ಮಗ್ಗುಲಲ್ಲೇ ಇರುವ ಪ್ರದೇಶ ತಾನಾಗಿಯೇ ಚೊಕ್ಕಟವಾಗುತ್ತದೆ ಎಂಬ ನಂಬಿಕೆಗೆ ಇದು ಒತ್ತಾಸೆಯಂತೂ ಅಲ್ಲ.

ಮೊದಲು ದೂರ ನಿಜಕ್ಕೂ ಎಲ್ಲಿ ಕೆಲಸ ಕೆಡಿಸುತ್ತದೆ ಅನ್ನುವುದನ್ನು ನೋಡೋಣ. ಕೆಂಪು ವರ್ಗದ, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಬಗೆಯ, ಒಂದು ಕಾರ್ಖಾನೆಯನ್ನು ನೆಟ್ಟಗೆ ತಪಾಸಣೆ ಮಾಡಲು ಮೂರರಿಂದ ನಾಲ್ಕು ಗಂಟೆ ಬೇಕು. ಕನ್ಸೆಂಟ್ (ಮಂಡಳಿಯ ಅನುಮತಿ) ಪ್ರತಿ, ಲಾಗ್‌ಬುಕ್, ಅಪಾಯಕಾರಿ ತ್ಯಾಜ್ಯದ ಮ್ಯಾನಿಫೆಸ್ಟ್ (ಸಾಗಣೆ ಪತ್ರ) ನೋಡಲು ಒಂದು ಗಂಟೆ. ಪ್ರೊಸೆಸ್ ಮತ್ತು ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಸುತ್ತಾಡಲು ಒಂದೂವರೆ. ಸ್ಯಾಂಪಲ್ ತೆಗೆದು, ಸೀಲ್ ಹಾಕಿ, ಮಹಜರು ಬರೆದು ಸಹಿ ಮಾಡಿಸುವಷ್ಟರಲ್ಲಿ ಇನ್ನೊಂದು ಗಂಟೆ. ಘಟಕ 10 ಕಿಲೋಮೀಟರ್ ಒಳಗಿದ್ದರೆ ಅಧಿಕಾರಿ ದಿನಕ್ಕೆ ಎರಡು ಮುಗಿಸಬಹುದು. 80 ಕಿಲೋಮೀಟರ್ ಆಚೆ ಇದ್ದರೆ ಒಂದೇ, ಅದೂ ಜೀಪು ಖಾಲಿ ಇದ್ದ ದಿನ.

ದೂರು ಬಂದಾಗ ಈ ಅಂತರ ಇನ್ನೂ ದುಬಾರಿಯಾಗುತ್ತದೆ. ಬೆಳಿಗ್ಗೆ ಏಳಕ್ಕೆ ಹಳ್ಳದಲ್ಲಿ ಮೀನು ಸತ್ತು ತೇಲುತ್ತಿವೆ ಎಂದು ಫೋನ್ ಬಂತು ಎಂದುಕೊಳ್ಳಿ. ಹಳ್ಳದ ನೀರು ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ ಆರು ಗಂಟೆಯಲ್ಲಿ ಸುಮಾರು ಆರೂವರೆ ಕಿಲೋಮೀಟರ್ ಹೋಗಿರುತ್ತದೆ. ಮಧ್ಯಾಹ್ನ ಒಂದಕ್ಕೆ ತಲುಪಿದ ಅಧಿಕಾರಿ ಕಾರ್ಖಾನೆಯ ಬಳಿ ಬಾಟಲಿ ತುಂಬಿದರೆ ಅದರಲ್ಲಿರುವುದು ಮಧ್ಯಾಹ್ನದ ನೀರು. ರಾತ್ರಿ ಬಿಟ್ಟದ್ದು ಆಗಲೇ ಮುಂದಿನ ಊರು ದಾಟಿದೆ. ವರದಿಯಲ್ಲಿ ‘ಮಿತಿಯೊಳಗಿದೆ’ ಎಂದು ಬರುತ್ತದೆ, ಅದು ಸುಳ್ಳೂ ಅಲ್ಲ.

ಹೊರಗಿನವರು ಅಷ್ಟಾಗಿ ಗಮನಿಸದ ಇನ್ನೊಂದು ದೂರವಿದೆ: ಸ್ಯಾಂಪಲ್ ತೆಗೆದ ಜಾಗದಿಂದ ಪ್ರಯೋಗಾಲಯಕ್ಕಿರುವ ದಾರಿ. ನನ್ನ ಮಟ್ಟಿಗೆ ಕಚೇರಿಯ ದೂರಕ್ಕಿಂತ ಇದೇ ಹೆಚ್ಚು ಕೇಸುಗಳನ್ನು ಕೊಲ್ಲುತ್ತದೆ.

1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಸ್ಯಾಂಪಲ್ ಹೇಗೆ ತೆಗೆಯಬೇಕು ಎಂದು ಹೆಜ್ಜೆ ಹೆಜ್ಜೆಗೂ ಹೇಳುತ್ತದೆ. ವಿಶ್ಲೇಷಣೆಗೆ ಕಳಿಸುತ್ತೇವೆ ಎಂಬ ನೋಟಿಸನ್ನು ಅಲ್ಲೇ, ಆಗಲೇ ಕೊಡಬೇಕು. ಕಾರ್ಖಾನೆಯವರ ಎದುರಲ್ಲೇ ಸ್ಯಾಂಪಲನ್ನು ಎರಡು ಪಾಲು ಮಾಡಬೇಕು. ಎರಡಕ್ಕೂ ಗುರುತು ಹಾಕಿ, ಸೀಲ್ ಮಾಡಿ, ಎರಡೂ ಕಡೆಯವರು ಸಹಿ ಹಾಕಬೇಕು. ಒಂದು ಪಾಲು ಮಂಡಳಿಯ ಅಥವಾ ಮಂಡಳಿ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ತಡಮಾಡದೆ ಹೋಗಬೇಕು. ಕಾರ್ಖಾನೆಯವರು ಕೇಳಿದರೆ ಇನ್ನೊಂದು ಪಾಲು ಸರ್ಕಾರ ಗೊತ್ತುಮಾಡಿದ ಪ್ರಯೋಗಾಲಯಕ್ಕೆ ಹೋಗಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಆ ಫಲಿತಾಂಶ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ವಕೀಲರು ಮೊದಲು ಕೈ ಹಾಕುವುದೇ ಇಲ್ಲಿಗೆ.

ಕಾನೂನಿನ ಹೆಜ್ಜೆಯೆಲ್ಲ ಸರಿಯಾಗಿದ್ದರೂ ರಸಾಯನ ಕಾಯುವುದಿಲ್ಲ. ಒಂದೇ ಔಟ್‌ಲೆಟ್‌ನಿಂದ ಕನಿಷ್ಠ ನಾಲ್ಕು ಬಗೆಯ ಬಾಟಲಿ ತುಂಬಬೇಕಾಗುತ್ತದೆ. ಸಿಒಡಿಗೆ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕದ ಅಳತೆ) ತೆಗೆದದ್ದಕ್ಕೆ ಸ್ಥಳದಲ್ಲೇ ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿದರೆ ಕೆಲವು ದಿನ ಇಡಬಹುದು. ಎಣ್ಣೆ-ಗ್ರೀಸಿಗೆ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ಗೋಡೆಗೆ ಎಣ್ಣೆ ಅಂಟಿಕೊಂಡು ಫಲಿತಾಂಶ ಕಡಿಮೆ ಬರುತ್ತದೆ. ಭಾರಲೋಹಗಳಿಗೆ ನೈಟ್ರಿಕ್ ಆಮ್ಲ ಹಾಕಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸೈನೈಡಿಗೆ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 12ರ ಮೇಲಿಡಬೇಕು. ಬಿಒಡಿಗೆ (ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನಲು ಬೇಕಾಗುವ ಆಮ್ಲಜನಕದ ಅಳತೆ) ಮಾತ್ರ ಯಾವ ರಾಸಾಯನಿಕವನ್ನೂ ಹಾಕುವಂತಿಲ್ಲ, 4 ಡಿಗ್ರಿಯ ಐಸೇ ಗತಿ. 24 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು.

ಐಸ್ ಕರಗಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಕೊಳಚೆಯಂಥ ನೀರಿನಲ್ಲಿ ಬ್ಯಾಕ್ಟೀರಿಯಾ ಸಾವಯವ ವಸ್ತುವನ್ನು ತಿನ್ನುವ ವೇಗ 20 ಡಿಗ್ರಿಯಲ್ಲಿ ದಿನಕ್ಕೆ ಸುಮಾರು 0.23, ಅಂದರೆ ಇರುವುದರಲ್ಲಿ ಐದರಲ್ಲೊಂದು ಪಾಲು. ಬೇಸಿಗೆಯಲ್ಲಿ ಜೀಪಿನ ಹಿಂಬದಿ 35 ಡಿಗ್ರಿ ಇದ್ದರೆ ಆ ವೇಗ ಹೆಚ್ಚುಕಡಿಮೆ ಇಮ್ಮಡಿ. ಕ್ಯಾನಿನ ಕುತ್ತಿಗೆಯಲ್ಲಿ ಗಾಳಿ ಬಿಟ್ಟಿದ್ದು, ದಾರಿಯುದ್ದಕ್ಕೂ ಅದು ಕುಲುಕಾಡುತ್ತಾ ಹೋದರೆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕಕ್ಕೂ ಬರವಿಲ್ಲ. 12 ಗಂಟೆಯಲ್ಲಿ ಬಿಒಡಿಯ ಐದರಲ್ಲೊಂದು ಪಾಲು ಮಾಯ. ಕಾರ್ಖಾನೆ ಬಿಟ್ಟದ್ದು 36 ಮಿಲಿಗ್ರಾಂ, ಲ್ಯಾಬ್ ಅಳೆದದ್ದು 29. ನದಿ, ಕೆರೆಗೆ ಬಿಡುವ ನೀರಿಗೆ ಮಿತಿ 30. ಯಾರೂ ಲಂಚ ತಿಂದಿಲ್ಲ, ಯಾರೂ ಸುಳ್ಳು ಬರೆದಿಲ್ಲ, ಕಾರ್ಖಾನೆ ಪಾಸ್. ಇದಕ್ಕೆ ಮದ್ದು ಸರಳ: ಬಾಟಲಿಯನ್ನು ಅಂಚಿನವರೆಗೆ ತುಂಬಿ ಗಾಳಿ ಉಳಿಯದಂತೆ ಮುಚ್ಚುವುದು, ಐಸನ್ನು ಹೊರಡುವ ಮುನ್ನ ಮಾತ್ರವಲ್ಲದೆ ದಾರಿಯಲ್ಲೂ ಒಮ್ಮೆ ತುಂಬುವುದು, ಲ್ಯಾಬಿನಲ್ಲಿ ಬಾಟಲಿ ತೆಗೆದುಕೊಳ್ಳುವಾಗ ಒಳಗಿನ ಉಷ್ಣತೆಯನ್ನು ರಿಜಿಸ್ಟರಿನಲ್ಲಿ ಬರೆಯುವುದು. ಇನ್ನೊಂದು ಸಂಗತಿ. ನಮ್ಮಲ್ಲಿ ಬಿಒಡಿ ಪರೀಕ್ಷೆ 27 ಡಿಗ್ರಿಯಲ್ಲಿ ಮೂರು ದಿನದ್ದು. ಗುರುವಾರ ಶುರುಮಾಡಿದರೆ ಓದಬೇಕಾದದ್ದು ಭಾನುವಾರ. ಆದ್ದರಿಂದ ದೂರದಿಂದ ಬರುವ ಸ್ಯಾಂಪಲುಗಳು ವಾರದ ಆರಂಭದಲ್ಲೇ ಹೆಚ್ಚಾಗಿ ಬರುತ್ತವೆ. ಇದು ಕಾರ್ಖಾನೆಯವರಿಗೂ ಗೊತ್ತಿರುತ್ತದೆ.

ಆರು ವೇಲೆನ್ಸಿಯ ಕ್ರೋಮಿಯಂ (ಪ್ಲೇಟಿಂಗ್ ಘಟಕಗಳಿಂದ ಬರುವ ಲೋಹದ ವಿಷಕಾರಿ ರೂಪ) ವಿಷಯದಲ್ಲಿ ಇನ್ನೊಂದು ಎಡವಟ್ಟು. ಲೋಹ ಅಂದಮೇಲೆ ನೈಟ್ರಿಕ್ ಆಮ್ಲ ಹಾಕಬೇಕು ಎಂದು ಇದಕ್ಕೂ ಹಾಕಿಬಿಡುವವರಿದ್ದಾರೆ. ಆಮ್ಲೀಯ ನೀರಿನಲ್ಲಿ, ಸಾವಯವ ವಸ್ತು ಅಥವಾ ಕಬ್ಬಿಣ ಸ್ವಲ್ಪವಿದ್ದರೂ, ಆರು ವೇಲೆನ್ಸಿಯದು ಮೂರಕ್ಕೆ ಇಳಿದುಬಿಡುತ್ತದೆ. ಒಟ್ಟು ಕ್ರೋಮಿಯಂ ಬದಲಾಗುವುದಿಲ್ಲ. ವಿಷಕಾರಿ ರೂಪ ಮಾತ್ರ ವರದಿಯಿಂದ ಕಾಣೆ. ಮಿತಿ ಲೀಟರಿಗೆ 0.1 ಮಿಲಿಗ್ರಾಂ ಇರುವಾಗ ಇದು ಸಣ್ಣ ಸಂಗತಿಯಲ್ಲ. ಆಮ್ಲ ಹಾಕದೆ, ತಣ್ಣಗಿಟ್ಟು, ಒಂದು ದಿನದೊಳಗೆ ಅಳೆಯಬೇಕು. ಪೀಣ್ಯದಲ್ಲಿ ಇದು ಸಾಧ್ಯ. ಲ್ಯಾಬ್ ಇನ್ನೊಂದು ಜಿಲ್ಲೆಯಲ್ಲಿದ್ದರೆ ಸ್ಯಾಂಪಲ್ ರಾತ್ರಿ ಬಸ್ಸಿನಲ್ಲಿ ಹೋಗಬೇಕಾಗುತ್ತದೆ.

ಇಲ್ಲಿಯವರೆಗೂ ‘ಹತ್ತಿರವೇ ಮೇಲು’ ಎನ್ನುವವರ ವಾದವೇ ಗೆದ್ದಿತು. ಈಗ ಹತ್ತಿರವಿರುವ ಕಾರ್ಖಾನೆ ಏನು ಕಲಿಯುತ್ತದೆ ಅನ್ನುವುದಕ್ಕೆ ಬರೋಣ.

ಅಧಿಕಾರಿ ಗೇಟಿಗೆ ಬಂದ ಕೂಡಲೇ ಯಾರೂ ಒಳಗೆ ಬಿಡುವುದಿಲ್ಲ. ಐಡಿ ಕಾರ್ಡ್, ರಿಜಿಸ್ಟರ್, ಹೆಲ್ಮೆಟ್, ಸೇಫ್ಟಿ ಶೂ, ‘ಮ್ಯಾನೇಜರ್ ಸಾಹೇಬ್ರು ಬರ್ತಿದ್ದಾರೆ ಸರ್, ಕೂತ್ಕೊಳ್ಳಿ, ಕಾಫಿ ತಗೊಳ್ಳಿ’. ಹತ್ತು ಹದಿನೈದು ನಿಮಿಷ ಅಲ್ಲೇ ಕಳೆಯುತ್ತದೆ. ಅಷ್ಟರಲ್ಲಿ ಶುದ್ಧೀಕರಿಸದ ನೀರನ್ನು ಹೊರಬಿಡುವ ಬೈಪಾಸ್ ವಾಲ್ವ್ ಮುಚ್ಚಬಹುದು, ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಸ್ವಿಚ್ ಹಾಕಬಹುದು, ಔಟ್‌ಲೆಟ್ ತೊಟ್ಟಿಗೆ ಬೋರ್‌ವೆಲ್ ನೀರು ಬಿಡಬಹುದು. ವಾರಕ್ಕೊಮ್ಮೆ ಜೀಪು ಬರುವ ಪ್ರದೇಶದಲ್ಲಿ ಈ ಹತ್ತು ನಿಮಿಷದ ಕವಾಯತು ಚೆನ್ನಾಗಿ ಪಳಗಿರುತ್ತದೆ. ಜೀಪಿನ ನಂಬರ್ ಚಹಾ ಅಂಗಡಿಯವನಿಗೂ ಗೊತ್ತು. ಮೊದಲ ಗೇಟಿನಲ್ಲಿ ನಿಂತದ್ದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಹರಿದಿರುತ್ತದೆ.

ಆದರೆ ಹತ್ತು ನಿಮಿಷದಲ್ಲಿ ಮಾಡಲಾಗದ ಕೆಲಸಗಳೂ ಇವೆ. ಬಲ್ಲ ಇನ್‌ಸ್ಪೆಕ್ಟರ್ ಮೊದಲು ಹೋಗುವುದು ಅಲ್ಲಿಗೇ. ಬ್ಯಾಕ್ಟೀರಿಯಾ ಕೊಳೆ ತಿನ್ನುವ ಏರೇಷನ್ ಟ್ಯಾಂಕಿನಿಂದ ಒಂದು ಲೀಟರಿನ ಅಳತೆ ಜಾಡಿಯಲ್ಲಿ ನೀರು ತೆಗೆದು ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ, ಆರೋಗ್ಯವಾಗಿರುವ ಟ್ಯಾಂಕಿನಲ್ಲಿ ಕಂದುಬಣ್ಣದ ಸ್ಲಡ್ಜ್ (ಜೀವಾಣುಗಳ ಕೆಸರು) 200ರಿಂದ 400 ಮಿಲಿಲೀಟರ್ ಮಟ್ಟಕ್ಕೆ ಕೂರುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಬ್ಲೋವರ್ ದಿನಗಟ್ಟಲೆ ನಿಂತಿದ್ದರೆ ಸ್ಲಡ್ಜ್ ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಆಗಷ್ಟೇ ಬ್ಲೋವರ್ ಹಾಕಿದ್ದರಿಂದ ಬಣ್ಣ ತಿರುಗುವುದಿಲ್ಲ, ಅದಕ್ಕೆ ಗಂಟೆಗಳೇ ಬೇಕು. ಟ್ಯಾಂಕಿನಲ್ಲಿ ಜೀವಾಣುವೇ ಇಲ್ಲದಿದ್ದರೆ ಜಾಡಿಯ ತಳದಲ್ಲಿ ಏನೂ ಕೂರುವುದಿಲ್ಲ.

ಬೋರ್‌ವೆಲ್ ನೀರು ಬೆರೆಸಿದ್ದನ್ನು ಹಿಡಿಯಲು ಜೇಬಿನಲ್ಲಿಡುವ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು) ಮೀಟರ್ ಸಾಕು. ಜೈವಿಕ ಇಟಿಪಿ ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಒಳಬರುವ ನೀರಿನ ಟಿಡಿಎಸ್ 3000 ಇದ್ದರೆ ಹೊರಹೋಗುವುದೂ ಅದರ ಆಸುಪಾಸಿನಲ್ಲೇ ಇರಬೇಕು. ಆರ್‌ಒ ಇಲ್ಲದ ಕಡೆ ಹೊರಗೆ 1400 ತೋರಿಸಿತು, ಆವರಣದ ಬೋರ್‌ವೆಲ್ ನೀರು 600 ಇದೆ ಎಂದಾದರೆ ಲೆಕ್ಕ ಸ್ಪಷ್ಟ: ಒಂದು ಪಾಲು ತ್ಯಾಜ್ಯನೀರಿಗೆ ಎರಡು ಪಾಲು ಒಳ್ಳೆಯ ನೀರು ಬೆರೆತಿದೆ. 600 ಇದ್ದ ಸಿಒಡಿ ಅದರಿಂದ 200 ಆಗಿ, 250ರ ಮಿತಿಯೊಳಗೆ ಕೂತಿದೆ. ಮೂರು ಅಳತೆ, ಐದು ನಿಮಿಷ. ಆದರೆ ಬಹುಪಾಲು ತಪಾಸಣಾ ವರದಿಗಳಲ್ಲಿ ಔಟ್‌ಲೆಟ್‌ನ ಅಂಕಿ ಮಾತ್ರ ಇರುತ್ತದೆ, ಒಳಬರುವ ನೀರಿನದ್ದೂ ಬೋರ್‌ವೆಲ್‌ನದ್ದೂ ಇರುವುದಿಲ್ಲ.

ಕಾರ್ಖಾನೆ ಹೊಂದಿಕೊಳ್ಳುವುದು ಕಚೇರಿ ಎಲ್ಲಿದೆ ಅನ್ನುವುದಕ್ಕಲ್ಲ, ಅಳತೆ ಎಲ್ಲಿ ಮತ್ತು ಯಾವಾಗ ನಡೆಯುತ್ತದೆ ಅನ್ನುವುದಕ್ಕೆ. ಇದಕ್ಕೆ ಬಹಳ ಒಳ್ಳೆಯ ಪುರಾವೆ ಚೀನಾದ ನದಿಗಳಿಂದ ಬಂದಿದೆ. ಅಲ್ಲಿ ಕೇಂದ್ರ ಸರ್ಕಾರ ನದಿಗಳುದ್ದಕ್ಕೂ ನೀರಿನ ಗುಣಮಟ್ಟ ಅಳೆಯುವ ಕೇಂದ್ರಗಳನ್ನಿಟ್ಟು, ಆ ಅಂಕಿಗಳನ್ನು ಸ್ಥಳೀಯ ಅಧಿಕಾರಿಗಳ ಬಡ್ತಿಗೆ ತಳುಕು ಹಾಕಿತು. ಅಳತೆ ಕೇಂದ್ರಕ್ಕೆ ತುಸು ಮೇಲೆ, ನೀರು ಹರಿದುಬರುವ ಕಡೆ, ಇರುವ ಕಾರ್ಖಾನೆಯ ಕೊಳೆ ಮೀಟರಿಗೆ ಸಿಗುತ್ತದೆ. ತುಸು ಕೆಳಗಿರುವುದರದ್ದು ಸಿಗುವುದಿಲ್ಲ. ಎರಡೂ ಒಂದೇ ಊರಿನವು, ಒಂದೇ ಕಚೇರಿಯ ವ್ಯಾಪ್ತಿಯವು. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮಾಲಿನ್ಯಕಾರಕ ಉದ್ಯಮಗಳಲ್ಲಿ ಮೇಲಿನ ಘಟಕಗಳ ಉತ್ಪಾದಕತೆ ಕೆಳಗಿನವಕ್ಕಿಂತ ಶೇಕಡಾ 24ರಷ್ಟು ಕಡಿಮೆ. ಅಂದರೆ ಕಾಯ್ದೆಯ ಬಿಸಿ ಮುಟ್ಟಿದ್ದು ಮೇಲಿನವರಿಗೆ ಮಾತ್ರ. ಅಧಿಕಾರಿ ಇಬ್ಬರಿಗೂ ಅಷ್ಟೇ ಹತ್ತಿರವಿದ್ದ. ಅವನಿಗೆ ಅಂಕ ಕೊಡುವ ಮೀಟರ್ ಒಬ್ಬರಿಗೆ ಮಾತ್ರ ಹತ್ತಿರವಿತ್ತು.

ಕಾಲದ ವಿಷಯದಲ್ಲಿ ಅಮೆರಿಕದ ಉದಾಹರಣೆ ಇದೆ. ಅಲ್ಲಿ ಗಾಳಿಯ ಕಣಗಳನ್ನು ಅಳೆಯುವ ಎಷ್ಟೋ ಕೇಂದ್ರಗಳು ಆರು ದಿನಕ್ಕೊಮ್ಮೆ ಮಾತ್ರ ಕೆಲಸ ಮಾಡುತ್ತಿದ್ದವು, ಆ ದಿನಗಳ ಪಟ್ಟಿಯೂ ಮುಂಚಿತವಾಗಿಯೇ ಪ್ರಕಟವಾಗುತ್ತಿತ್ತು. ಉಪಗ್ರಹದ ಚಿತ್ರಗಳಿಂದ ಎಲ್ಲ ದಿನಗಳನ್ನೂ ಹೋಲಿಸಿದಾಗ ಅಳೆಯದ ದಿನಗಳಲ್ಲಿ ಗಾಳಿ ಶೇಕಡಾ 1.6ರಷ್ಟು ಹೆಚ್ಚು ಕೊಳಕಾಗಿತ್ತು. ಅಂಕಿ ಸಣ್ಣದು. ಆದರೆ ಕ್ಯಾಲೆಂಡರ್ ಗೊತ್ತಿರುವುದರಿಂದಲೇ ಅದು ಹುಟ್ಟಿದೆ. ನಮ್ಮಲ್ಲಿ ಕ್ಯಾಲೆಂಡರ್ ಪ್ರಕಟಿಸುವ ಅಗತ್ಯವೂ ಇಲ್ಲ. ಕಚೇರಿ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ ಅನ್ನುವುದೇ ಸಾಕಷ್ಟು ಹೇಳುತ್ತದೆ. ಜಲ ಕಾಯ್ದೆಯ 23ನೇ ಸೆಕ್ಷನ್ ‘ಸಮಂಜಸವಾದ ಎಲ್ಲ ಸಮಯದಲ್ಲೂ’ ಒಳಹೋಗುವ ಅಧಿಕಾರ ಕೊಟ್ಟಿದೆ. ಮೂರು ಪಾಳಿಯಲ್ಲಿ ನಡೆಯುವ ಕಾರ್ಖಾನೆಗೆ ರಾತ್ರಿ ಎರಡು ಗಂಟೆ ಅಸಮಂಜಸವಾಗುವುದು ಹೇಗೆ ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

ಗಡಿಗಳದ್ದು ಇನ್ನೊಂದು ಕಥೆ. ಚೀನಾದಲ್ಲೇ, ಪ್ರಾಂತ್ಯದೊಳಗೆ ನದಿ ಹರಿದು ಹೊರಬೀಳುವ ಕೊನೆಯ ಕೌಂಟಿಗಳಲ್ಲಿ ನೀರು ಕೆಡಿಸುವ ಉದ್ಯಮ ಚಟುವಟಿಕೆ ಬೇರೆಡೆಗಿಂತ ಶೇಕಡಾ 20ರವರೆಗೂ ಹೆಚ್ಚಿದ್ದದ್ದು ಕಂಡುಬಂದಿದೆ. ಕೊಳೆ ತೊಳೆಯುವ ಖರ್ಚು ತನ್ನದು, ಲಾಭ ಪಕ್ಕದವರದ್ದು ಎಂದಮೇಲೆ ಯಾವ ಸರ್ಕಾರ ಬಿಗಿ ಹಿಡಿದೀತು? ನಮಗೆ ಇದನ್ನು ನೋಡಲು ಚೀನಾಕ್ಕೆ ಹೋಗಬೇಕಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿ ಸೇರಿ ಹೊಸೂರಿನ ಹತ್ತಿರ ಕೆಲವರಪಳ್ಳಿ ಜಲಾಶಯಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿ ನೊರೆ ಎದ್ದಾಗ ತಮಿಳುನಾಡಿನ ಅಧಿಕಾರಿ ಅಳೆಯಬಹುದು, ಆದರೆ ಬೆಂಗಳೂರಿನ ಘಟಕಕ್ಕೆ ನೋಟಿಸ್ ಕೊಡುವಂತಿಲ್ಲ. ಬೆಂಗಳೂರಿನಲ್ಲಿ ನೋಟಿಸ್ ಕೊಡಬಲ್ಲವನ ಮೇಜಿಗೆ ಆ ನೊರೆ ಬರುವುದಿಲ್ಲ. ರಾಜ್ಯದೊಳಗೂ ಇದೇ ಪಾಡು. ವೃಷಭಾವತಿಗೆ ಕೊಳೆ ಸೇರುವುದು ಬೆಂಗಳೂರು ನಗರದಲ್ಲಿ, ಅದು ನಿಲ್ಲುವುದು ಬಿಡದಿ ಬಳಿಯ ಬೈರಮಂಗಲ ಕೆರೆಯಲ್ಲಿ, ಬೇರೆ ಜಿಲ್ಲೆಯ ಕಚೇರಿಯ ವ್ಯಾಪ್ತಿಯಲ್ಲಿ.

ಹಾಗಾದರೆ ಹೆಚ್ಚು ಸಲ ಹೋಗಿ ನೋಡಿದರೆ? ಗುಜರಾತಿನಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. ಸುಮಾರು 960 ಕಾರ್ಖಾನೆಗಳನ್ನು ಆಯ್ದು, ಚೀಟಿ ಎತ್ತಿದಂತೆ ಅರ್ಧದಷ್ಟಕ್ಕೆ ತಪಾಸಣೆಯನ್ನು ದುಪ್ಪಟ್ಟು ಮಾಡಿದರು. ಭೇಟಿ ಹೆಚ್ಚಿತು, ನೋಟಿಸುಗಳೂ ಹೆಚ್ಚಿದವು, ಸರಾಸರಿ ಹೊಗೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಕಾರಣ ಕುತೂಹಲದ್ದು. ಅಧಿಕಾರಿಗಳು ಮೊದಲಿನಿಂದಲೂ ತಮ್ಮ ವಿವೇಚನೆಯಲ್ಲಿ ಅತಿ ಕೆಟ್ಟ ಘಟಕಗಳ ಮೇಲೇ ಕಣ್ಣಿಟ್ಟಿದ್ದರು. ಚೀಟಿಯಿಂದ ಸೇರಿದ ಹೆಚ್ಚುವರಿ ಭೇಟಿಗಳು ಅಷ್ಟೇನೂ ಕೆಟ್ಟಿರದ ಕಾರ್ಖಾನೆಗಳಿಗೆ ಹೋದವು. ಮಿತಿಗಿಂತ ಸ್ವಲ್ಪ ಮೇಲಿರುವವರಿಗೆ ಕಾರ್ಖಾನೆ ಮುಚ್ಚಿಸುವ ಶಿಕ್ಷೆ ಕೊಡಲು ಯಾರ ಕೈಯೂ ಬರುವುದಿಲ್ಲ. ನಮ್ಮಲ್ಲೀಗ ಕಂಪ್ಯೂಟರ್ ಚೀಟಿ ಎತ್ತಿ ತಪಾಸಣೆ ಹಂಚುವ ಪದ್ಧತಿಯನ್ನು ಹೊಗಳುವವರು ಈ ಫಲಿತಾಂಶವನ್ನೊಮ್ಮೆ ಓದಬೇಕು. ಚೀಟಿ ಲಂಚವನ್ನು ತಡೆಯುತ್ತದೆ, ಜೊತೆಗೆ ಬಲ್ಲ ಅಧಿಕಾರಿಯ ಅನುಮಾನವನ್ನೂ ತಡೆಯುತ್ತದೆ.

ಗುಜರಾತಿನದೇ ಇನ್ನೊಂದು ಪ್ರಯೋಗ ಆಡಿಟರುಗಳದ್ದು. ಅಲ್ಲಿ ಹೈಕೋರ್ಟ್ ಆದೇಶದಿಂದ 1996ರಿಂದ ಖಾಸಗಿ ಪರಿಸರ ಆಡಿಟ್ ಕಡ್ಡಾಯವಿದೆ. ಆಡಿಟರನ್ನು ಆರಿಸುವವರು, ದುಡ್ಡು ಕೊಡುವವರು ಕಾರ್ಖಾನೆಯವರೇ. ಅಂಥ ಆಡಿಟರುಗಳು ಧೂಳಿನ ಮಿತಿ ಮೀರಿದ ಕಾರ್ಖಾನೆಗಳು ಶೇಕಡಾ 7 ಎಂದು ಬರೆದರು. ಬೇರೆಯವರು ಹೋಗಿ ಅದೇ ಚಿಮಣಿಗಳನ್ನು ಅಳೆದಾಗ ಶೇಕಡಾ 59. ಅಹಮದಾಬಾದ್ ಮತ್ತು ಸೂರತ್‌ನ 473 ಕಾರ್ಖಾನೆಗಳಲ್ಲಿ ಒಂದಷ್ಟಕ್ಕೆ ಪದ್ಧತಿ ಬದಲಿಸಿದರು: ಆಡಿಟರನ್ನು ಚೀಟಿಯಿಂದ ನೇಮಿಸುವುದು, ಸಂಬಳ ಒಂದೇ ನಿಧಿಯಿಂದ ಕೊಡುವುದು, ಕೆಲವು ಅಳತೆಗಳನ್ನು ಮತ್ತೊಬ್ಬರಿಂದ ಮರುಪರೀಕ್ಷೆ ಮಾಡಿಸುವುದು. ಸುಳ್ಳು ವರದಿಯ ಸಾಧ್ಯತೆ ಶೇಕಡಾ 80ರಷ್ಟು ಇಳಿಯಿತು, ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಯಾವ ಹೊಸ ಕಚೇರಿಯನ್ನೂ ತೆರೆಯಲಿಲ್ಲ. ಅಳೆಯುವವನನ್ನು ಕಾರ್ಖಾನೆಯ ಗಲ್ಲಾಪೆಟ್ಟಿಗೆಯಿಂದ ದೂರ ಸರಿಸಿದರು, ಅಷ್ಟೇ.

2014ರ ಫೆಬ್ರವರಿಯಲ್ಲಿ ಕೇಂದ್ರ ಮಂಡಳಿ 17 ಬಗೆಯ ಅತಿ ಮಾಲಿನ್ಯಕಾರಕ ಉದ್ಯಮಗಳಿಗೆ ಆನ್‌ಲೈನ್ ಮೀಟರ್ ಕೂಡಿಸಲು ಹೇಳಿದಾಗ ಈ ದೂರದ ಸಮಸ್ಯೆಯೇ ಮುಗಿಯಿತು ಅನ್ನಿಸಿತ್ತು. ಬೀದರಿನ ಔಟ್‌ಲೆಟ್ ಬೆಂಗಳೂರಿನ ಪರದೆಯ ಮೇಲೆ, ದೆಹಲಿಯ ಪರದೆಯ ಮೇಲೆ, ಇಪ್ಪತ್ನಾಲ್ಕು ಗಂಟೆಯೂ. ಆದರೆ ಸೆನ್ಸರ್ ನೋಡುವುದು ತಾನು ಮುಳುಗಿರುವ ನೀರನ್ನು ಮಾತ್ರ. ಪ್ರೋಬನ್ನು ತೆಗೆದು ಬಕೆಟ್ ನೀರಿನಲ್ಲಿ ಇಳಿಬಿಟ್ಟರೆ ಅದು ಬಕೆಟ್ಟನ್ನೇ ನಿಷ್ಠೆಯಿಂದ ಅಳೆಯುತ್ತದೆ. ಅಂಕಿ ದಾಖಲಿಸುವ ಡೇಟಾ ಲಾಗರಿನಲ್ಲಿ ಮೀಟರಿನಿಂದ ಬರುವ ವಿದ್ಯುತ್ ಸಂಕೇತದ ಸ್ಕೇಲ್ ತಿದ್ದಿ 500ರ ಜಾಗದಲ್ಲಿ 250 ಎಂದು ಓದಿಸಬಹುದು. ಕೊಳೆ ಬಿಡುವ ಹೊತ್ತಿಗೆ ಮೀಟರನ್ನು ‘ಕ್ಯಾಲಿಬ್ರೇಷನ್’ (ಮೀಟರ್ ಸರಿಹೊಂದಿಸುವ) ಸ್ಥಿತಿಗೆ ಹಾಕಬಹುದು. ಮೋಸವಿಲ್ಲದೆಯೂ ಕೆಡುತ್ತದೆ: ಅತಿನೇರಳೆ ಬೆಳಕಿನಿಂದ ಸಿಒಡಿ ಅಂದಾಜಿಸುವ ಪ್ರೋಬಿನ ಗಾಜಿಗೆ ಪಾಚಿ, ಎಣ್ಣೆ ಕಟ್ಟಿದರೆ ಅಂಕಿ ಮೇಲೇರುತ್ತದೆ, ಬೆಳಕನ್ನೇ ಹೀರದ ಸಕ್ಕರೆ, ಮದ್ಯಸಾರದಂಥ ವಸ್ತುಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಹಿಡಿಯುವುದು ಕಷ್ಟವಲ್ಲ, ಗ್ರಾಫನ್ನು ನೋಡುವ ಮನುಷ್ಯ ಬೇಕು. ನಿಜವಾದ ತ್ಯಾಜ್ಯನೀರಿನ ರೇಖೆ ಏರಿಳಿಯುತ್ತಿರುತ್ತದೆ: ಪಾಳಿ ಬದಲಾದಾಗ, ಟ್ಯಾಂಕ್ ತೊಳೆದಾಗ, ಭಾನುವಾರ. ಮೂರು ದಿನ 42.1, 42.0, 42.1 ಎಂದು ತೋರಿಸುವ ಸಿಒಡಿ ಬಕೆಟ್ಟಿನದ್ದು. ಹರಿವಿನ ಮೀಟರ್ ಸೊನ್ನೆ ತೋರಿಸುವಾಗ ಪಿಎಚ್ ಕುಣಿಯುತ್ತಿದ್ದರೂ ಅನುಮಾನ ಬರಬೇಕು.

ಇದಕ್ಕಿಂತ ಗಟ್ಟಿ ಸಾಕ್ಷಿ ಕರೆಂಟು, ಸ್ಲಡ್ಜು, ಖರೀದಿ ಬಿಲ್ಲು. ದಿನಕ್ಕೆ 100 ಕಿಲೋಲೀಟರ್ ನೀರು, ಬಿಒಡಿ ಲೀಟರಿಗೆ 1000 ಮಿಲಿಗ್ರಾಂ ಎಂದರೆ ದಿನಕ್ಕೆ 100 ಕಿಲೋ ಬಿಒಡಿ ಸುಡಬೇಕು. ಕಿಲೋಗೆ ಅಂದಾಜು ಒಂದು ಯೂನಿಟ್‌ನಂತೆ ಗಾಳಿಗೇ 100 ಯೂನಿಟ್, ಪಂಪುಗಳದ್ದು ಬೇರೆ. ತಿಂಗಳಿಗೆ 3000 ಯೂನಿಟ್ ದಾಟಲೇಬೇಕು. ಇಟಿಪಿಯ ಪ್ರತ್ಯೇಕ ಮೀಟರ್ 400 ತೋರಿಸಿದರೆ ಔಟ್‌ಲೆಟ್ ವರದಿ ಎಷ್ಟೇ ಚೆನ್ನಾಗಿದ್ದರೂ ಸುಳ್ಳು. ಅಷ್ಟೇ ಬಿಒಡಿಯಿಂದ ದಿನಕ್ಕೆ 30ರಿಂದ 50 ಕಿಲೋ ಒಣ ಸ್ಲಡ್ಜ್ ಹುಟ್ಟಬೇಕು; ಶೇಕಡಾ 20 ಒಣ ಅಂಶವಿರುವ ಕೇಕ್ ರೂಪದಲ್ಲಿ ತಿಂಗಳಿಗೆ ನಾಲ್ಕೂವರೆಯಿಂದ ಏಳೂವರೆ ಟನ್. ಅದರ ಲೆಕ್ಕ ಕಾಗದದಲ್ಲಿ ಎಲ್ಲೂ ಇಲ್ಲದಿದ್ದರೆ ಅದು ಹೋಗಿರುವುದು ಮೋರಿಗೆ.

ಕ್ರೋಮ್ ಪ್ಲೇಟಿಂಗ್ ಘಟಕದಲ್ಲಿ ಲೆಕ್ಕ ಇನ್ನೂ ಸುಲಭ. ಆರು ವೇಲೆನ್ಸಿಯ ಒಂದು ಕಿಲೋ ಕ್ರೋಮಿಯಂ ಇಳಿಸಲು 2.74 ಕಿಲೋ ಸೋಡಿಯಂ ಮೆಟಾಬೈಸಲ್ಫೈಟ್ ಬೇಕು, ಅದೂ ಪಿಎಚ್ 2ರಿಂದ 3ರೊಳಗೆ. ಹಳದಿ ನೀರು ಹಸಿರಾದ ಮೇಲೆ ಸುಣ್ಣ ಹಾಕಿ 8-9ಕ್ಕೆ ಏರಿಸಿ ಕೆಳಗೆ ಕೂರಿಸುವುದು. ದಿನಕ್ಕೆ 10 ಕಿಲೋಲೀಟರ್ ತೊಳೆದ ನೀರು, ಲೀಟರಿಗೆ 50 ಮಿಲಿಗ್ರಾಂ ಎಂದರೆ ಅರ್ಧ ಕಿಲೋ ಕ್ರೋಮಿಯಂ. ಪುಸ್ತಕದ ಲೆಕ್ಕದಲ್ಲಿ 1.4 ಕಿಲೋ, ರೂಢಿಯಲ್ಲಿ ಎರಡು ಕಿಲೋ ಬೈಸಲ್ಫೈಟ್. ತಿಂಗಳಿಗೆ 25 ಕಿಲೋದ ಎರಡು ಚೀಲ. ವರ್ಷಕ್ಕೆ ಎರಡು ಚೀಲದ ಬಿಲ್ ತೋರಿಸುವವರಿಗೆ ಉಳಿದ ಕ್ರೋಮಿಯಂ ಎಲ್ಲಿ ಹೋಯಿತು ಎಂದು ಕೇಳಿದರೆ ಸಾಕು, ಬಾಟಲಿಯೇ ಬೇಡ. ಈ ಕಾಗದಗಳಿಗೆ ಐಸ್ ಬೇಡ, ಇವು 700 ಕಿಲೋಮೀಟರ್ ದಾಟಿದರೂ ಕೆಡುವುದಿಲ್ಲ.

ಹತ್ತಿರದ ಬಿಗಿಯಿಂದ ಕೊಳೆ ಜಾಗ ಬದಲಿಸುವುದೂ ಉಂಟು. ದೊಡ್ಡ ಘಟಕ ತನ್ನ ಪ್ಲೇಟಿಂಗನ್ನೋ ಬಣ್ಣ ಹಾಕುವುದನ್ನೋ ಜಾಬ್ ವರ್ಕಿಗೆ ಕೊಟ್ಟು ತಾನು ಚೊಕ್ಕಟವಾಗುತ್ತದೆ. ಕೆಲಸ ಹೋಗುವುದು ಕನ್ಸೆಂಟೇ ಇಲ್ಲದ ಶೆಡ್ಡಿಗೆ, ವಸತಿ ಬಡಾವಣೆಯ ನೆಲಮಾಳಿಗೆಗೆ. ಇಲ್ಲವೇ ಟ್ಯಾಂಕರಿನಲ್ಲಿ ಹತ್ತಾರು ಮೈಲಿ ಹೋಗಿ ರಾಜಕಾಲುವೆಗೆ ಬೀಳುತ್ತದೆ. ಮಂಡಳಿಯ ಪಟ್ಟಿಯಲ್ಲಿ ಇಲ್ಲದವರನ್ನು ಯಾವ ಚೀಟಿಯೂ ಎತ್ತುವುದಿಲ್ಲ.

ಕಚೇರಿಯಿಂದ ದೂರವಿರುವ ಊರಿನವರು ದೂರು ಕೊಡುವಾಗ ಇಷ್ಟು ನೆನಪಿಡಿ. ನೀವು ಬಾಟಲಿಯಲ್ಲಿ ಹಿಡಿದ ನೀರು ಕೋರ್ಟಿಗೆ ನಡೆಯುವುದಿಲ್ಲ, ಆದರೆ ಸಮಯ ನಡೆಯುತ್ತದೆ. ‘ಯಾವಾಗಲೂ ವಾಸನೆ’ ಎಂದು ಬರೆಯುವ ಬದಲು, ಯಾವ ರಾತ್ರಿ ಎಷ್ಟು ಗಂಟೆಗೆ ಯಾವ ಮೋರಿಯಲ್ಲಿ ಯಾವ ಬಣ್ಣ ಎಂದು ಒಂದೆರಡು ವಾರ ಬರೆದಿಟ್ಟು ಕೊಡಿ. ಸ್ಯಾಂಪಲನ್ನು ಕಾರ್ಖಾನೆಯ ಔಟ್‌ಲೆಟ್‌ನಲ್ಲಷ್ಟೇ ಅಲ್ಲದೆ ಮೋರಿಯಲ್ಲಿ ಕಾರ್ಖಾನೆಗೆ ಮೇಲೆ 50 ಮೀಟರ್, ಕೆಳಗೆ 50 ಮೀಟರಿನಲ್ಲೂ ತೆಗೆಯಿರಿ ಎಂದು ಅರ್ಜಿಯಲ್ಲೇ ಕೇಳಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ತಪಾಸಣಾ ವರದಿಯ ಜೊತೆಗೆ ಎರಡು ಕಾಗದ ತಪ್ಪದೆ ಕೇಳಿ: ಪ್ರತಿ ವರ್ಷ ಜೂನ್ 30ರೊಳಗೆ ಸಲ್ಲಿಸಬೇಕಾದ ಅಪಾಯಕಾರಿ ತ್ಯಾಜ್ಯದ ಫಾರ್ಮ್ 4, ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕಾದ ಪರಿಸರ ಹೇಳಿಕೆಯ ಫಾರ್ಮ್ 5. ಎರಡನೆಯದರಲ್ಲಿ ನೀರಿನ ಬಳಕೆ, ಕಚ್ಚಾವಸ್ತುವಿನ ಬಳಕೆ ಎರಡೂ ಇರುತ್ತವೆ. ವಾಣಿಜ್ಯ ಗೌಪ್ಯತೆ ಎಂದು ತಿರಸ್ಕರಿಸಿದರೆ ಮೊದಲ ಮೇಲ್ಮನವಿಗೆ 30 ದಿನದ ಗಡುವಿದೆ, ಬಿಡಬೇಡಿ.